ದಾದಿಯ ನಿದ್ದೆ, ದಾದಿಯ ಬೆನ್ನು

ದಾದಿಯರ ಆರೋಗ್ಯದ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿ, ದಾದಿಯರು ವ್ಯಾಯಾಮ ಮತ್ತು ಹಿತಮಿತವಾದ ಆಹಾರದಿಂದ ಆರೋಗ್ಯ ಕಾಪಾಡಿಕೊಳ್ಳಬೇಕೆಂದು ಲೇಖಕರು ಸಲಹೆ ನೀಡಿದ್ದಾರೆ. ಸಲಹೆ ಒಳ್ಳೆಯದೇ, ಆದರೆ ಹದಿನೇಳು ವರ್ಷಗಳಿಂದ ವಾರ್ಡಿನಲ್ಲಿ ದುಡಿಯುತ್ತಿರುವ ನಾನು ಕಂಡಂತೆ, ತೊಂದರೆಯ ಮೂಲವಿರುವುದು ಕೆಲಸದ ಏರ್ಪಾಡಿನಲ್ಲಿ. ರಾತ್ರಿಪಾಳಿ ಮುಗಿಸಿ ಬಂದು, ಕಿಟಕಿಗೆ ದಪ್ಪ ಪರದೆ ಎಳೆದು ಮಲಗಿದರೂ ದೇಹವು ಹಗಲನ್ನು ರಾತ್ರಿಯೆಂದು ಒಪ್ಪುವುದಿಲ್ಲ. ಪಾಳಿಯುದ್ದಕ್ಕೂ ಉರಿಯುವ ದೀಪಗಳ ಬೆಳಕಿನಿಂದ ನಿದ್ದೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನಿನ ಸ್ರಾವವೂ ಕುಗ್ಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2019ರಲ್ಲಿ ರಾತ್ರಿಪಾಳಿಯ ದುಡಿಮೆಯನ್ನು ಬಹುಶಃ ಕ್ಯಾನ್ಸರ್ ತರಬಲ್ಲವುಗಳ 2ಎ ಗುಂಪಿನಲ್ಲಿಯೇ ಉಳಿಸಿಕೊಂಡಿತು ಎಂಬುದನ್ನು ಲೇಖನದಲ್ಲಿ ಹೇಳಬೇಕಿತ್ತು.

ಇನ್ನು ಬೆನ್ನಿನ ಮಾತು. ತಾನಾಗಿ ಏಳಲಾರದ ರೋಗಿಗೆ ಹಾಸಿಗೆ ಹುಣ್ಣು ಆಗದಂತೆ ಆಗಾಗ ಮಗ್ಗುಲು ಬದಲಿಸಬೇಕು. ಮಂಚ ತಗ್ಗಾಗಿದ್ದು ಜೊತೆಗೆ ಯಾರೂ ಇಲ್ಲದಿದ್ದರೆ, ಸೊಂಟ ಬಗ್ಗಿಸಿಯೇ ಆ ಭಾರವನ್ನೆಲ್ಲ ಎಳೆಯಬೇಕಾಗುತ್ತದೆ. ಹಾಗೆ ಒಂದು ನಸುಕಿನಲ್ಲಿ ಚಳಕು ಹೊಡೆದ ನನ್ನ ಸೊಂಟ ಇಂದಿಗೂ ಪೂರ್ತಿ ಸರಿಹೋಗಿಲ್ಲ. ಸೂಜಿ ಚುಚ್ಚಿಕೊಂಡಾಗ ಹರಡಬಹುದಾದ ಹೆಪಟೈಟಿಸ್ ಬಿ ಸೋಂಕಿಗಾದರೂ ಲಸಿಕೆಯಿದೆ (ಅದನ್ನು ಪ್ರತಿಯೊಬ್ಬ ದಾದಿಯೂ ತಪ್ಪದೆ ಹಾಕಿಸಿಕೊಳ್ಳಬೇಕು). ಬೆನ್ನಿಗೆ ಅಂಥ ಲಸಿಕೆಯಿಲ್ಲ. ಎತ್ತರ ಹೊಂದಿಸಬಹುದಾದ ಮಂಚ, ರೋಗಿಯನ್ನು ಎತ್ತುವ ಸಾಧನ ಮತ್ತು ಪ್ರತಿ ಪಾಳಿಯಲ್ಲೂ ಕೈಜೋಡಿಸಲು ಇನ್ನೊಬ್ಬ ದಾದಿ ಬೇಕು, ಇವನ್ನು ಒದಗಿಸಬೇಕಾದವರು ಆಸ್ಪತ್ರೆಯ ಆಡಳಿತದವರು.