ಫೆಬ್ರುವರಿಯಲ್ಲಿ ಎಣಿಸಿದರೆ ತಾಂಡಾದಲ್ಲಿ ಯಾರಿರುತ್ತಾರೆ?

ಗ್ರಾಮಸಭೆಯೊಂದರಿಂದ ಈಗಷ್ಟೇ ಬಂದೆ. ನೀರಿನ ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅನ್ನುವ ಚರ್ಚೆಗೆ 2011ರ ಜನಗಣತಿಯ ಅಂಕಿ ಓದಿದರು. ಯಾರೂ ತುಟಿ ಬಿಚ್ಚಲಿಲ್ಲ. ಅಂದು ಒಂದನೇ ತರಗತಿಗೆ ಸೇರಿದ ಹುಡುಗಿಯ ಹೆಸರು ಇವತ್ತು ಮತದಾರರ ಪಟ್ಟಿಯಲ್ಲಿದೆ. ಅಂಕಿ ಹಳತಾಗಿದೆ, ನಿಜ. ಆದರೆ ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ. ಆ ಅಂಕಿಯಲ್ಲಿ ಅಂದೂ ಪೂರ್ತಿ ಊರು ಇರಲಿಲ್ಲ.

ಆ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರಿಗೆ ಆ ತಿಂಗಳ ವಿಷಯ ಬಿಡಿಸಿ ಹೇಳಬೇಕಿಲ್ಲ. ತೊಗರಿ ರಾಶಿ ಮುಗಿದಿರುತ್ತದೆ. ಕಬ್ಬು ಕಡಿಯಲು ಹೋದ ಗ್ಯಾಂಗುಗಳು ವಾಪಸಾಗಿರುವುದಿಲ್ಲ. ಗೌಂಡಿ ಕೆಲಸದವರು ಬೆಂಗಳೂರು, ಪುಣೆ, ಮುಂಬೈಯಲ್ಲಿರುತ್ತಾರೆ. ಆ 20 ದಿನವೂ ಊರಲ್ಲಿಲ್ಲದವರನ್ನು ಇಲ್ಲಿ ಬರೆಯುವಂತಿಲ್ಲ, ಇದ್ದಲ್ಲೇ ಬರೆಸಬೇಕು. ಕಬ್ಬಿನ ಗದ್ದೆಯ ಪಕ್ಕದ ಜೋಪಡಿಗೆ ಫಾರಂ ಹಿಡಿದು ಹೋದವರೆಷ್ಟು ಮಂದಿ? ಹೋಗಿದ್ದರೂ ಆ ತಲೆಗಳು ಸೇರಿದ್ದು ಆ ಊರಿನ ಲೆಕ್ಕಕ್ಕೆ. ನಮ್ಮ ಕಡೆ ಸಿಕ್ಕಿದ್ದು ಮುದುಕರು, ಶಾಲೆ ಮಕ್ಕಳು ಮತ್ತು ಬೀಗ.

ಮೇಲಾಗಿ, ಗಣತಿಗೆ ಊರೆಂದರೆ ಕಂದಾಯ ಗ್ರಾಮ, ಅಂದರೆ ಕಂದಾಯ ದಾಖಲೆಯಲ್ಲಿ ಸ್ವಂತ ಹೆಸರಿರುವ ಊರು. ತಾಂಡಾ, ಹಟ್ಟಿ, ದೊಡ್ಡಿಗಳಂಥ ಸಣ್ಣ ಜನವಸತಿಗಳೆಲ್ಲ ಮೂಲ ಗ್ರಾಮದ ಒಂದೇ ಸಾಲಿನಲ್ಲಿ ಕರಗುತ್ತವೆ. ಈಚೆಗೆ ಕಂದಾಯ ಗ್ರಾಮವಾದ ತಾಂಡಾಗಳಿಗೆ 2011ರ ಪಟ್ಟಿಯಲ್ಲಿ ಸ್ವಂತ ಸಾಲೇ ಇಲ್ಲ. ಹಾಗಿರುವಾಗ ಯಾವ ತಾಂಡಾಕ್ಕೆ ಎಷ್ಟು ನೀರು ಅಂತ ಅದರಿಂದ ಹೇಗೆ ಹೇಳುತ್ತೀರಿ?

ಇನ್ನು ಶೇಕಡಾ ಲೆಕ್ಕ. ಸಾಕ್ಷರತೆ ತೆಗೆಯುವಾಗ 0–6 ವರ್ಷದ ಮಕ್ಕಳನ್ನು ಬಿಟ್ಟು, 7 ತುಂಬಿದವರಿಂದ ಮಾತ್ರ ಭಾಗಿಸಬೇಕು. ಒಟ್ಟು ಜನಸಂಖ್ಯೆಯಿಂದ ಭಾಗಿಸಿ ಊರನ್ನು ಹಿಂದುಳಿಸಿದ ವರದಿಗಳು ಬೇಕಾದಷ್ಟಿವೆ. ಮಕ್ಕಳ ಲಿಂಗಾನುಪಾತ, ಅಂದರೆ ಸಾವಿರ ಗಂಡುಮಕ್ಕಳಿಗೆ ಎಷ್ಟು ಹೆಣ್ಣುಮಕ್ಕಳು ಅನ್ನುವ ಲೆಕ್ಕ, ಇನ್ನೂ ನಾಜೂಕು: 22 ಗಂಡು, 18 ಹೆಣ್ಣು ಮಕ್ಕಳಿದ್ದರೆ 818. ಇನ್ನೊಂದು ಹೆಣ್ಣುಮಗು ಹುಟ್ಟಿದರೆ 864. ಇಷ್ಟು ಸಣ್ಣ ಊರಿಗೆ ಒಂದು ವರ್ಷದ ಅನುಪಾತ ಹಿಡಿದು ತೀರ್ಪು ಕೊಡಬಾರದು, ಹತ್ತು ವರ್ಷದ ಜನನಗಳನ್ನು ಕೂಡಿಸಿ ನೋಡಬೇಕು.

‘ಸರ್ಕಾರಿ ಅಂಕಿ ಬಿಟ್ಟರೆ ಬೇರೇನಿದೆ?’ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಇದೆ ಸ್ವಾಮಿ, ಊರಲ್ಲೇ ಇದೆ! ಚಿಕ್ಕ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಅಂಗನವಾಡಿಯ ಸರ್ವೆ ಪುಸ್ತಕ. ಮನೆಮನೆಯ ವಿವರಕ್ಕೆ ಆಶಾ ಕಾರ್ಯಕರ್ತೆಯ ಡೈರಿ. 18 ದಾಟಿದವರಿಗೆ ಮತದಾರರ ಪಟ್ಟಿ. ಮೂರನ್ನೂ ಮನೆವಾರು ಪಕ್ಕಪಕ್ಕ ಇಡಿ, ಎಲ್ಲಿ ಹೊಂದುವುದಿಲ್ಲವೋ ಆ ಮನೆಗೆ ಹೋಗಿ ಕೇಳಿ. ನೂರು ಮನೆಯ ಊರಿಗೆ ಇಬ್ಬರು ಕೂತರೆ ನಾಲ್ಕೈದು ದಿನದ ಕೆಲಸ. ಊರಿನ ಜನನ ನೋಂದಣಿಯನ್ನಷ್ಟೇ ನಂಬಬೇಡಿ. ಹೆರಿಗೆ ಎಲ್ಲಾಯಿತೋ ಅಲ್ಲೇ ನೋಂದಣಿ. ತಾಲ್ಲೂಕು ಆಸ್ಪತ್ರೆಯಲ್ಲೋ ತವರಲ್ಲೋ ಹುಟ್ಟಿದ ಕೂಸು ನಿಮ್ಮ ಪುಸ್ತಕಕ್ಕೆ ಬರುವುದಿಲ್ಲ.

ಹೆಂಗಸರ ದುಡಿಮೆಯದ್ದೂ ಇದೇ ಕಥೆ. ಮನೆಮಟ್ಟಿಗೆ ಹೈನು ಮಾಡಿದರೂ ಗಣತಿಯ ನಿಯಮದ ಪ್ರಕಾರ ಅದು ಕೆಲಸವೇ. ‘ಮನೇಲಿರ್ತಾಳ್ರೀ’ ಅಂತ ಗಂಡ ಹೇಳಿದ್ದನ್ನೇ ಬರೆದುಕೊಂಡರೆ ಅವಳು ದುಡಿಯದವಳಾದಳು.

ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಆ ದಿನಕ್ಕೆ ಎಷ್ಟು ಜನ ಅನ್ನುವ ಲೆಕ್ಕಕ್ಕೆ ಅದರ ಹಿಂದಿನ ವಾರಗಳಲ್ಲೇ ಮನೆಮನೆ ಸುತ್ತಬೇಕು, ಅಂದರೆ ತಲೆ ಎಣಿಕೆ ಮತ್ತೆ ಫೆಬ್ರುವರಿಗೇ ಬಂತು. ಪಂಚಾಯಿತಿ ಸದಸ್ಯರಾಗಿರುವ ಗೆಳೆಯರೇ, ಗ್ಯಾಂಗು ಹೊರಡುವ ಮುಂಚೆ ತಾಂಡಾಕ್ಕೆ ಹೋಗಿ. ಯಾರು, ಯಾವ ಊರಿಗೆ, ಯಾವ ಮೇಸ್ತ್ರಿ ಜೊತೆ, ಎಷ್ಟು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ ಅಂತ ಹೆಸರು ಸಮೇತ ಬರೆದಿಡಿ. ಹೋದಲ್ಲಿ ಎಣಿಕೆದಾರರು ಬಂದರೆ ತಪ್ಪದೆ ಬರೆಸಿ ಅಂತಲೂ ಅವರಿಗೆ ಹೇಳಿ ಕಳಿಸಿ.