ಕೆಲಸ ಮಾಡದ ಔಷಧಿಯ ವರದಿಯೂ ಬೇಕು

1980ರಲ್ಲಿ ಲಾರ್ಕೈನೈಡ್ ಎಂಬ ಔಷಧಿಯ ಪರೀಕ್ಷೆ ನಡೆಯಿತು. ಹೃದಯಾಘಾತವಾದವರ ಎದೆಬಡಿತದ ಏರುಪೇರನ್ನು ಅದು ಸರಿಪಡಿಸಬೇಕಿತ್ತು. ಸುಮಾರು 100 ರೋಗಿಗಳಲ್ಲಿ ಅರ್ಧ ಜನಕ್ಕೆ ಔಷಧಿ, ಉಳಿದವರಿಗೆ ಔಷಧಿಯ ಅಂಶವೇ ಇಲ್ಲದ ಮಾತ್ರೆ. ಔಷಧಿ ತೆಗೆದುಕೊಂಡವರಲ್ಲಿ 9 ಜನ ತೀರಿಕೊಂಡರು. ಇನ್ನೊಂದು ಗುಂಪಿನಲ್ಲಿ ಒಬ್ಬರು. ಸಂಶೋಧಕರು ಅದನ್ನು ಆಕಸ್ಮಿಕ ಅಂದುಕೊಂಡರು. ಕಂಪನಿ ವ್ಯಾಪಾರದ ಕಾರಣಕ್ಕೆ ಔಷಧಿಯನ್ನೇ ಕೈಬಿಟ್ಟಿತು. ವರದಿ ಅಚ್ಚಾಗಿದ್ದು 1993ರಲ್ಲಿ! ಅಷ್ಟರಲ್ಲಿ ಅದೇ ಬಗೆಯ ಬೇರೆ ಔಷಧಿಗಳನ್ನು ಎಷ್ಟೋ ಜನರಿಗೆ ಕೊಟ್ಟಾಗಿತ್ತು. ಅವುಗಳಲ್ಲಿ ಎರಡು ಜೀವಕ್ಕೇ ಕುತ್ತು ತರುತ್ತವೆ ಅಂತ 1989ರಲ್ಲಿ ಇನ್ನೊಂದು ದೊಡ್ಡ ಪರೀಕ್ಷೆಯಿಂದ ತಿಳಿಯಿತು. ಆ 9 ಸಾವುಗಳ ಸುದ್ದಿ ಮೊದಲೇ ಹೊರಬಂದಿದ್ದರೆ ವೈದ್ಯರು ಎಚ್ಚೆತ್ತುಕೊಳ್ಳಬಹುದಿತ್ತು, ಅಲ್ವಾ?

ಇದು ಹಳೇ ಕಾಲದ ಮಾತು ಅಂತ ಬಿಡುವ ಹಾಗಿಲ್ಲ. ನಾನಿರುವ ಅಮೆರಿಕದಲ್ಲಿ ಔಷಧ ನಿಯಂತ್ರಣ ಸಂಸ್ಥೆಯ ಬಳಿಯಿದ್ದ ಖಿನ್ನತೆಯ ಔಷಧಿಗಳ 74 ಪರೀಕ್ಷೆಗಳನ್ನು ಸಂಶೋಧಕರು ಜರ್ನಲ್‌ಗಳಲ್ಲಿ, ಅಂದರೆ ಸಂಶೋಧನಾ ಪತ್ರಿಕೆಗಳಲ್ಲಿ, ಅಚ್ಚಾದದ್ದರ ಜೊತೆ ತಾಳೆ ನೋಡಿ 2008ರಲ್ಲಿ ಪ್ರಕಟಿಸಿದರು. ಒಳ್ಳೆ ಫಲಿತಾಂಶದ 38ರಲ್ಲಿ 37 ಅಚ್ಚಾಗಿದ್ದವು. ಉಳಿದ 36ರಲ್ಲಿ 22 ಅಚ್ಚಾಗಲೇ ಇಲ್ಲ, 11 ಔಷಧಿ ಗೆದ್ದಂತೆ ಬರೆಯಲ್ಪಟ್ಟಿದ್ದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಬರೀ 3. ಜರ್ನಲ್ ಓದಿಯೇ ಔಷಧಿ ಬರೆಯುವ ವೈದ್ಯರಿಗೆ ಇದು ಮಾಡಿದ ಮೋಸ ಅಂತಲೇ ನನಗನಿಸುತ್ತದೆ.

ಇಲ್ಲಿ 2007ರ ಕಾನೂನು ಒಂದು ದಾರಿ ತೋರಿಸಿತು. ಅದರ ವ್ಯಾಪ್ತಿಗೆ ಬರುವ ಪರೀಕ್ಷೆಗಳ ಫಲಿತಾಂಶವನ್ನು, ಸಾಮಾನ್ಯವಾಗಿ ಒಂದು ವರ್ಷದೊಳಗೆ, ಸರ್ಕಾರಿ ನೋಂದಣಿ ತಾಣದಲ್ಲಿ ಹಾಕಲೇಬೇಕು. ದಂಡ ಹಾಕಲು ಮಾತ್ರ ಅಧಿಕಾರಿಗಳು ಹಿಂಜರಿಯುತ್ತಲೇ ಬಂದಿದ್ದಾರೆ. ಭಾರತದಲ್ಲಿ 2009ರ ಜೂನ್ 15ರಿಂದ ಪರೀಕ್ಷೆಗಳ ನೋಂದಣಿ ಕಡ್ಡಾಯ. ಒಳ್ಳೆಯ ಹೆಜ್ಜೆ. ಆದರೆ ಪರೀಕ್ಷೆ ಶುರುವಾಗಿದ್ದು ಗೊತ್ತಾದರೆ ಸಾಲದು, ಮುಗಿದಾಗ ಏನಾಯಿತು ಅನ್ನುವುದೂ ಗೊತ್ತಾಗಬೇಕು. ತಮ್ಮ ಮೈಯನ್ನೇ ಪರೀಕ್ಷೆಗೆ ಒಡ್ಡಿದ ರೋಗಿಗಳಿಗೆ ಅಷ್ಟಾದರೂ ಸಲ್ಲಬೇಕು.

ಪ್ರಯೋಗಾಲಯದ ಕೆಲಸಕ್ಕೆ ಎರಡೂ ಕಡೆ ಇಂಥ ಕಟ್ಟುಪಾಡಿಲ್ಲ. ಅಲ್ಲಿ ನನಗೆ ಜಾಸ್ತಿ ಹಿಡಿಸಿದ್ದು 2013ರಲ್ಲಿ ಕಾರ್ಟೆಕ್ಸ್ ಜರ್ನಲ್ ತಂದ ಪದ್ಧತಿ. ಪ್ರಯೋಗಕ್ಕೆ ಮೊದಲೇ ಪ್ರಶ್ನೆ ಮತ್ತು ವಿಧಾನವನ್ನು ತಜ್ಞರು ಪರಿಶೀಲಿಸುತ್ತಾರೆ. ಅವರು ಒಪ್ಪಿ, ಹೇಳಿದಂತೆ ಕೆಲಸ ಮಾಡಿದರೆ, ಫಲಿತಾಂಶ ಯಾವ ಕಡೆ ಬಂದರೂ ಅಚ್ಚು ಖಂಡಿತ. ಅರೆಬರೆ ಪ್ರಯೋಗವನ್ನು ಸುಮ್ನೆ ‘ಏನೂ ಸಿಗಲಿಲ್ಲ’ ಅಂತ ತಂದು ಸುರಿಯುವುದಕ್ಕೂ ಇದರಲ್ಲಿ ತಡೆಯಿದೆ. ಪಿಎಚ್‌ಡಿ ಮಾಡುವವರಿಗಂತೂ ಇದು ದೊಡ್ಡ ಆಸರೆ. ಅನುದಾನ ಕೊಡುವವರು, ಕೆಲಸಕ್ಕೆ ಆರಿಸುವವರು ಇಂಥ ಪ್ರಬಂಧಗಳನ್ನು ಬೇರೆಯವುಗಳಷ್ಟೇ ಮನ್ನಿಸಲು ಶುರುಮಾಡಬೇಕು.