ಉತ್ತರೆ ಮಳೆಯಲ್ಲಿ ಕೋಲ್ಡ್ ಫ್ರಂಟ್

ಕಳೆದ ವಾರ ನಮ್ಮ ಮಲೆನಾಡಿಗೆ ಕೋಲ್ಡ್ ಫ್ರಂಟ್ ಬಂದಿತ್ತು. ಬಂದಿದ್ದು ನಮಗೆ ಗೊತ್ತಾಗಲಿಲ್ಲ. ಟಿವಿಯವರು ಹೇಳಿದ ಮೇಲೆ ಗೊತ್ತಾಯಿತು.

ತೀರ್ಥಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಚಿಕ್ಕಪ್ಪನ ಜೊತೆ ಬನ್ಸ್ ತಿನ್ನುತ್ತಿದ್ದೆ. ಗೋಡೆ ಮೇಲಿನ ಟಿವಿಯಲ್ಲಿ ಕೆಂಪು ಪಟ್ಟಿ ಓಡಿತು. ‘ಮಲೆನಾಡಿಗೆ ಕೋಲ್ಡ್ ಫ್ರಂಟ್ ದಾಳಿ! ವಾರವಿಡೀ ಗಡಗಡ!’ ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟರು.

‘ಇದ್ಯಾವ್ದು ಮಾರಾಯಾ ಹೊಸ ಫ್ರಂಟು? ಯಾರ್ಯಾರು ಸೇರಿದ್ದಾರಂತೆ?’

ಅವರದ್ದು ತಪ್ಪಲ್ಲ. ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ಇದು. ಇಲ್ಲಿ ಫ್ರಂಟ್ ಅಂದರೆ ಬೆಳಿಗ್ಗೆ ಕೂಡಿಕೊಂಡು ಸಂಜೆ ಒಡೆಯುವಂಥದ್ದು. ‘ರಾಜಕೀಯ ಅಲ್ಲ ಚಿಕ್ಕಪ್ಪಾ, ತಣ್ಣನೆ ಗಾಳಿ’ ಅಂದೆ. ಅವರು ತಲೆ ಎತ್ತಿ ನೋಡಿದರು. ಮೇಲೆ ಫ್ಯಾನ್ ತಿರುಗುತ್ತಿತ್ತು.

ಆದರೆ ಫ್ರಂಟಿಗೂ ಜಗಳಕ್ಕೂ ನಂಟಿರುವುದು ನಿಜ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾರ್ವೆಯ ಬರ್ಗೆನ್ ಊರಿನ ಹವಾಮಾನ ತಜ್ಞರು ಈ ಪದವನ್ನು ಯುದ್ಧಭೂಮಿಯಿಂದ ಎತ್ತಿಕೊಂಡು ಬಂದರು. ತಣ್ಣನೆ ಗಾಳಿಯ ರಾಶಿ ಬಿಸಿ ಗಾಳಿಯ ರಾಶಿಯನ್ನು ನೂಕಿಕೊಂಡು ಬರುತ್ತದಲ್ಲ, ಆ ಗಡಿಗೆ ಫ್ರಂಟ್ ಅಂತ ಹೆಸರಿಟ್ಟರು. ಯುರೋಪು, ಅಮೆರಿಕದ ಕಡೆ ಸೆಪ್ಟೆಂಬರಿನಲ್ಲಿ ಇಂಥದ್ದೊಂದು ಹಾದುಹೋದರೆ ಜನ ಪೆಟ್ಟಿಗೆಯಿಂದ ಸ್ವೆಟರ್ ತೆಗೆಯುತ್ತಾರೆ. ಅದೇ ಗಾಳಿ ಆಗುಂಬೆಗೆ ಬರಬೇಕು ಅಂದರೆ ಹಿಮಾಲಯ ಹತ್ತಿ ಇಳಿಯಬೇಕು, ವಿಂಧ್ಯ ದಾಟಬೇಕು, ಶಿವಮೊಗ್ಗದಲ್ಲಿ ಬಸ್ ಬದಲಾಯಿಸಬೇಕು. ಅಷ್ಟರಲ್ಲಿ ಯಾವ ಗಾಳಿಯಾದರೂ ಬೆವರುತ್ತದೆ.

ಹವಾಮಾನ ಇಲಾಖೆಯನ್ನು ಇದಕ್ಕೆ ಬೈಯಬಾರದು. ಅವರು ಫ್ರಂಟ್ ಅಂದಿರಲೇ ಇಲ್ಲ. ಅವರ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ ಶೀತಗಾಳಿ ಅನ್ನಿಸಿಕೊಳ್ಳಲು ಕನಿಷ್ಠ ತಾಪಮಾನ 10 ಡಿಗ್ರಿಗಾದರೂ ಇಳಿಯಬೇಕು, ಮಾಮೂಲಿಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ಗುಡ್ಡಗಾಡಿನಲ್ಲಾದರೆ ಸೊನ್ನೆಗೇ ಇಳಿಯಬೇಕು. ಅವತ್ತು ಬೆಳಿಗ್ಗೆ ನಮ್ಮ ಜಗಲಿಯಲ್ಲಿ 21 ಇತ್ತು. 21 ಡಿಗ್ರಿಗೆ ಗಡಗಡ ನಡುಗುವವರು ಸ್ಟುಡಿಯೋದ ಏಸಿಯಲ್ಲಿ ಹೇಗೆ ಕೂರುತ್ತಾರೋ.

ಮಾರನೇ ದಿನ ಆಗುಂಬೆಗೆ ವರದಿಗಾರರು ಬಂದರು. ದಪ್ಪ ಜಾಕೆಟ್, ಮಂಕಿ ಕ್ಯಾಪ್. ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಂತು ಮಂಜು ತೋರಿಸಿದರು. ‘ನೋಡಿ ವೀಕ್ಷಕರೇ, ಕೋಲ್ಡ್ ಫ್ರಂಟ್ ಹೇಗೆ ಘಾಟಿ ಹತ್ತಿ ಬರ್ತಾ ಇದೆ!’ ಆ ಮಂಜು ಜೂನ್‌ನಿಂದ ಅಲ್ಲೇ ಇದೆ. ಯಾರೂ ಅದನ್ನು ಮಾತಾಡಿಸಿರಲಿಲ್ಲ, ಅಷ್ಟೆ.

ಆಮೇಲೆ ಕಂಬಳಿ ಹೊದ್ದು ದನ ಅಟ್ಟಿಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿಯನ್ನು ಹಿಡಿದರು.

‘ಅಜ್ಜೀ, ಚಳಿ ಹೆಂಗಿದೆ?’

‘ಚಳಿ ಎಲ್ಲಿ ಬಂತು ಮಗಾ? ಇನ್ನೂ ಉತ್ತರೆ ಮಳೆ. ಹಸ್ತ ಆಗ್ಬೇಕು, ಚಿತ್ತೆ ಆಗ್ಬೇಕು. ಚಳಿ ಬರೋದು ದೀಪಾವಳಿ ಕಳೆದ ಮೇಲೆ.’

‘ಮತ್ತೆ ಈ ಕಂಬಳಿ?’

‘ಮಳೆಗೆ!’

ಸಂಜೆ ಟಿವಿಯಲ್ಲಿ ಅಜ್ಜಿ ಬಂದರು. ಕಂಬಳಿ ಬಂತು. ಮಾತು ಬರಲಿಲ್ಲ. ಹಿಂದೆ ಗಾಳಿಯ ಸುಂಯ್ ಸದ್ದು ಸೇರಿಸಿದ್ದರು. ಕೆಳಗೆ ಬರೆದಿತ್ತು: ‘ಚಳಿಗೆ ಮಾತೇ ಹೊರಡದ ವೃದ್ಧೆ’.

ಊರಿನಲ್ಲಿ ಇದರಿಂದ ಖುಷಿಪಟ್ಟವನು ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗ. ‘ಮಳೆಗೆ ರಜೆ ಕೊಡ್ತಾರೆ. ಫ್ರಂಟಿಗೂ ಕೊಡ್ತಾರಾ?’ ಅಂತ ಮೂರು ಸಲ ವಿಚಾರಿಸಿಕೊಂಡು ಹೋದ. ರೆಡ್, ಆರೆಂಜ್, ಯೆಲ್ಲೋ ಅಲರ್ಟುಗಳ ವಿಷಯದಲ್ಲಿ ಅವನಷ್ಟು ಓದಿಕೊಂಡವರು ತಾಲೂಕಿನಲ್ಲಿ ಇಲ್ಲ.

ಟಿವಿ ಬಿಟ್ಟು ಮೊಬೈಲ್ ನೋಡೋಣ ಅಂದರೆ ಅಲ್ಲಿ ಬೇರೆ ಕಥೆ. ಏಳು ದಿನದ ಮುನ್ನೋಟ ಅಂತ ಏಳು ಚಿತ್ರ. ಏಳರಲ್ಲೂ ಒಂದೇ ಮೋಡ, ಕೆಳಗೆ ಎರಡು ಹನಿ. 2 ಮಿಲಿಮೀಟರಿಗೂ ಅದೇ ಎರಡು ಹನಿ, 200ಕ್ಕೂ ಅದೇ ಎರಡು ಹನಿ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಗೆ 4,508 ಮಿಲಿಮೀಟರ್ ಸುರಿದ ದಾಖಲೆ ಇದೆ. ಆಗ ಮೊಬೈಲ್ ಇದ್ದಿದ್ದರೆ ಅವತ್ತೂ ಎರಡೇ ಹನಿ ತೋರಿಸುತ್ತಿತ್ತು.

ಇಲಾಖೆಯ ಭಾಷೆ ಇದಕ್ಕಿಂತ ವಾಸಿ. ಅದಕ್ಕೆ ಅರ್ಥ ಇದೆ. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ‘ಭಾರಿ’, 115.6ರಿಂದ ‘ಅತಿ ಭಾರಿ’, 204.5ಕ್ಕೆ ಹೋದರೆ ‘ಅತ್ಯಂತ ಭಾರಿ’. ನಮ್ಮ ಕಡೆ ಆಷಾಢದಲ್ಲಿ 64.5 ಬಿದ್ದರೆ ‘ಇವತ್ತು ಸ್ವಲ್ಪ ಹೊಳವು, ಮಳೆ ಬಿಡುವು ಕೊಟ್ಟಿದೆ ಅಲ್ವಾ’ ಅಂತ ಮಾತಾಡಿಕೊಳ್ಳುತ್ತೇವೆ, ಅದು ಬೇರೆ ವಿಷಯ. ನನಗೆ ಇಷ್ಟವಾಗಿದ್ದು ‘ಒಂದೆರಡು ಕಡೆ’ ಅನ್ನುವ ಮಾತು. ಅದರರ್ಥ, ನೂರಕ್ಕೆ ಇಪ್ಪತ್ತೈದು ಮಳೆಮಾಪನ ಕೇಂದ್ರಗಳಿಗಿಂತ ಜಾಸ್ತಿ ಕಡೆ ಬೀಳುವುದಿಲ್ಲ ಅಂತ. ನಾಲ್ಕು ಮಾಪಕ ಇಟ್ಟರೆ, ಒಂದು ತೋಯ್ದು ಮೂರು ಒಣಗಿದ್ದರೂ ಭವಿಷ್ಯ ನಿಜವಾಯಿತು. ಜ್ಯೋತಿಷಿಗಳಿಗೆ ಈ ಸೌಲಭ್ಯ ಇಲ್ಲ ಪಾಪ.

ಚಿಕ್ಕಪ್ಪನಿಗೆ ಬೇಕಾಗಿದ್ದು ಇದ್ಯಾವುದೂ ಅಲ್ಲ. ತೋಟದಲ್ಲಿ ಕೊಳೆ ರೋಗ ಕಾಣಿಸಿಕೊಂಡಿತ್ತು. ಅಡಿಕೆ ಉದುರುತ್ತಿತ್ತು. ಇನ್ನೊಂದು ಸಲ ಬೋರ್ಡೋ ಔಷಧಿ ಹೊಡೆಯಲು ಒಂದೇ ಒಂದು ದಿನ ಹೊಳವು ಬೇಕಾಗಿತ್ತು.

‘ಶುಕ್ರವಾರ ಏನು ಹೇಳುತ್ತೆ ನೋಡು ನಿನ್ನ ಮೊಬೈಲು.’

‘ನಲವತ್ತು ಪರ್ಸೆಂಟ್ ಮಳೆ ಅಂತೆ.’

‘ಅಂದ್ರೆ ನೂರು ಮರದಲ್ಲಿ ನಲವತ್ತಕ್ಕಾ? ಹಂಗಾದ್ರೆ ಉಳಿದ ಅರವತ್ತಕ್ಕೆ ಹೊಡಿತೀನಿ.’

ಆಮೇಲೆ ಅಂಗಳಕ್ಕೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ಪಡುವಣ ಗುಡ್ಡ ನೋಡಿದರು. ‘ಮೊಬೈಲ್ ಯಾಕೆ? ಗುಡ್ಡ ಹತ್ತಿರ ಕಾಣ್ತಿಲ್ಲ. ಇನ್ನು ಮೂರು ದಿನ ಹನಿ ಇಲ್ಲ, ಬರೆದಿಟ್ಕೋ’ ಅಂದರು.

ಹಿರಿಯರ ಅನುಭವದ ಮುಂದೆ ಉಪಗ್ರಹ ಸೋಲುತ್ತದೆ ಅಂತ ಇಲ್ಲಿ ಬರೆಯಬೇಕು ಅಂತ ನನಗೂ ಆಸೆ ಇತ್ತು.

ಶುಕ್ರವಾರ ಬೆಳಿಗ್ಗೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಬಂದರು. ಮೈಲುತುತ್ತು ಒಂದು ಕೇಜಿ, ಸುಣ್ಣ ಒಂದು ಕೇಜಿ, ನೀರು ನೂರು ಲೀಟರ್. ಡ್ರಮ್ಮಿನಲ್ಲಿ ನೀಲಿ ದ್ರಾವಣ ಚೆನ್ನಾಗಿ ಬಂತು. ಅದನ್ನು ಅವತ್ತೇ ಹೊಡೆಯಬೇಕು, ಇಟ್ಟರೆ ಕೆಟ್ಟುಹೋಗುತ್ತದೆ. ಮೊದಲನೇ ಮರಕ್ಕೆ ಹತ್ತಿದ್ದರೋ ಇಲ್ಲವೋ, ಧೋ ಅಂತ ಹೊಯ್ಯಿತು. ಅಟ್ಟಿಸಿಕೊಂಡು ಬಂದವರ ಹಾಗೆ ಎಲ್ಲರೂ ಜಗಲಿಗೆ ಓಡಿದೆವು. ಡ್ರಮ್ಮಿನ ಬಾಯಿಗೆ ಮುಚ್ಚಲು ತಟ್ಟೆ ಹುಡುಕುತ್ತಾ ಮೊಬೈಲ್ ತೆಗೆದೆ. ‘ಈಗ: ಬಿಸಿಲು’ ಅಂತ ಇತ್ತು.

ಒಳಗೆ ಟಿವಿ ಹಾಕಿದ್ದರು. ಕೆಂಪು ಪಟ್ಟಿ ಮತ್ತೆ ಓಡುತ್ತಿತ್ತು. ‘ಮಲೆನಾಡಿನಿಂದ ಹಿಂದೆ ಸರಿದ ಕೋಲ್ಡ್ ಫ್ರಂಟ್!’

ಚಿಕ್ಕಪ್ಪ ತಲೆ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಇಣುಕಿದರು.

‘ಅಷ್ಟು ಬೇಗ ಬಿದ್ದೋಯ್ತಾ? ಬೆಂಬಲ ವಾಪಸ್ ತಗೊಂಡಿದ್ದು ಯಾರಂತೆ?’